ಮರೆತುಹೋದ ಮಗ

ಹಾಸ್ಯದ ಕಥೆಯಲ್ಲಿ ಅಸಂಗತಿಗಳನ್ನು ಎಣಿಸುವುದು ಅರಸಿಕತನವೆಂದು ಹೇಳುವವರುಂಟು. ಆದರೆ ಎಲ್ಲ ದೋಷಗಳೂ ಒಂದೇ ಬಗೆಯವಲ್ಲ. ಅಮೆರಿಕದ ಟೆಲಿವಿಷನ್ನಿನಲ್ಲಿ ‘ಮ್ಯಾಶ್’ ಎಂಬ ಹಾಸ್ಯಮಾಲೆ 1972ರಿಂದ 1983ರವರೆಗೆ ನಡೆಯಿತು. ಅದು ಚಿತ್ರಿಸಿದ ಕೊರಿಯಾ ಯುದ್ಧವಾದರೋ 1950ರಿಂದ 1953ರವರೆಗಿನದು. ಈ ಅಸಂಗತಿ ರಸಭಂಗ ಮಾಡದು. ರಣರಂಗದ ವೈದ್ಯರಿಗೆ ಯುದ್ಧವೆಂದೂ ಮುಗಿಯದೆಂಬ ಭಾವಕ್ಕೆ ಅದು ಪೋಷಕವೇ ಆಯಿತು.

1974ರಲ್ಲಿ ತೊಡಗಿದ ‘ಹ್ಯಾಪಿ ಡೇಸ್’ನ ಮಾತು ಬೇರೆ. ಅದರ ಕನ್ನಿಂಗ್‌ಹ್ಯಾಮ್ ದಂಪತಿಗಳಿಗೆ ಮೊದಲು ಮೂವರು ಮಕ್ಕಳು. ಹಿರಿಯ ಮಗ ಚಕ್ ಎರಡನೆಯ ಆವೃತ್ತಿಯ ಬಳಿಕ ವಿವರಣೆಯಿಲ್ಲದೆ ಕಣ್ಮರೆಯಾದನು. 1984ರ ಮುಕ್ತಾಯದಲ್ಲಿ ತಂದೆ ತನಗೆ ಇಬ್ಬರೇ ಮಕ್ಕಳೆಂಬಂತೆ ನುಡಿದನು. ಕುಟುಂಬವಾತ್ಸಲ್ಯವೇ ಜೀವಾಳವಾದ ಕಥೆಯಲ್ಲಿ ಇದನ್ನು ನಮ್ಮ ಆಲಂಕಾರಿಕರು ಅನೌಚಿತ್ಯವೆಂದೇ ಕರೆಯುತ್ತಿದ್ದರು. ನಗಿಸುವವನಿಗೂ ತಾನು ಹುಟ್ಟಿಸಿದ ಪಾತ್ರದ ಋಣವುಂಟು.