ಬೈಯೋ ಮೊದಲು ಪಕ್ಕದಲ್ಲಿ ಕೂರೋಣ

ದಸರಾ ರಜೆಗೆ ಊರಿಗೆ ಹೋದಾಗ ನಮ್ಮಲ್ಲಿ ಸುಮಾರು ಜನ ಕಂಡದ್ದು ಒಂದೇ ದೃಶ್ಯ. ತಮ್ಮನೋ ತಂಗಿಯೋ ಮೂಲೆಯಲ್ಲಿ ಮೊಬೈಲ್ ಹಿಡಿದು ರೋಬ್ಲಾಕ್ಸ್ ಅಥವಾ ಮೈನ್‌ಕ್ರಾಫ್ಟ್‌ನಲ್ಲಿ ಮುಳುಗಿರೋದು. "ನೀನಾದ್ರೂ ಸ್ವಲ್ಪ ಹೇಳು" ಅಂತಾರೆ ಅಮ್ಮ. ನಾವೂ ದೊಡ್ಡವರ ಹಾಗೆ ಬೈದು, ರೂಮಿಗೆ ಹೋಗಿ ಬಿಜಿಎಂಐ ಓಪನ್ ಮಾಡ್ತೀವಿ!

ಒಂದು ಸಲ ಅವರ ಪಕ್ಕ ಕೂತು ನೋಡಿದ್ರೆ ಗೊತ್ತಾಗುತ್ತೆ, ಅಲ್ಲಿ ಬರೀ ಸೋಲು ಗೆಲುವು ಇಲ್ಲ. ಮನೆ ಕಟ್ತಾರೆ, ನಾಯಿಮರಿ ಸಾಕ್ತಾರೆ, ಕ್ಲಾಸ್‌ಮೇಟ್ಸ್ ಜೊತೆ ಸುಮ್ನೆ ಹರಟೆ ಹೊಡೀತಾರೆ. ನಮಗೆ ಮನೆ ಮುಂದೆ ಕ್ರಿಕೆಟ್ ಆಡೋಕೆ ರಸ್ತೆ ಇತ್ತು. ಈಗ ಅಲ್ಲಿ ಸಾಲಾಗಿ ಕಾರು ನಿಂತಿವೆ. ಸಂಜೆ ಆದ್ರೆ ಟ್ಯೂಷನ್. ಮಕ್ಕಳಿಗೆ ಸೇರೋಕೆ ಒಂದು ಜಾಗ ಬೇಕು, ಅದು ಸ್ಕ್ರೀನ್ ಒಳಗೆ ಸಿಕ್ಕಿದೆ.

ಆದರೆ ನಮ್ಮ ಬೀದಿಗೂ ಆ ಬೀದಿಗೂ ವ್ಯತ್ಯಾಸ ಇದೆ. ಗೊತ್ತಿಲ್ಲದವರು ಬಂದು ಮಾತಾಡಿಸಿದ್ರೆ ಜಗಲಿ ಮೇಲಿನ ಅಜ್ಜಿ "ಯಾರಪ್ಪಾ ನೀನು?" ಅಂತ ಕೇಳ್ತಿದ್ರು. ಅಲ್ಲಿ ಅವತಾರದ ಹಿಂದೆ ಇರೋದು ಹತ್ತು ವರ್ಷದ ಹುಡುಗನೋ ನಲವತ್ತರ ಗಂಡಸೋ, ಮಗುವಿಗೆ ಹೇಗೆ ಗೊತ್ತಾಗಬೇಕು?

ಇನ್ನೊಂದು, ಆ ಬೀದಿಗೆ ಮಾಲೀಕರಿದ್ದಾರೆ. 2005ರಲ್ಲಿ ಶುರುವಾದ ಕ್ಲಬ್ ಪೆಂಗ್ವಿನ್ ಅನ್ನೋ ಮಕ್ಕಳ ಲೋಕವನ್ನ ಡಿಸ್ನಿ 2007ರಲ್ಲಿ ಕೊಂಡಿತು, 2017ರಲ್ಲಿ ಮುಚ್ಚಿತು. ಮಕ್ಕಳು ವರ್ಷಗಟ್ಟಲೆ ಸಿಂಗರಿಸಿದ ಇಗ್ಲೂಗಳೂ ಅದರ ಜೊತೆಗೇ ಹೋದವು. ದುಡ್ಡಿನ ವಿಷಯವೂ ಹಾಗೇ. ರೂಪಾಯಿ ಕೊಟ್ಟು ರೋಬಕ್ಸ್ ತಗೊಂಡ ಮೇಲೆ, ಒಂದು ಟೋಪಿಗೆ ಅಪ್ಪನ ಎಷ್ಟು ದುಡ್ಡು ಹೋಯ್ತು ಅಂತ ಆರನೇ ಕ್ಲಾಸಿನ ಮಗು ಲೆಕ್ಕ ಹಾಕುತ್ತಾ?

ಹಾಗಂತ ಬ್ಯಾನ್ ಮಾಡಿ ಅಂತ ನಾವು ಹೇಳ್ತಿಲ್ಲ. 2020ರಲ್ಲಿ ಪಬ್‌ಜಿ ಬ್ಯಾನ್ ಆದಾಗ ನಾವೇನು ಪುಸ್ತಕ ಹಿಡಿದ್ವಾ? ಬೇರೆ ಗೇಮ್ ಹುಡುಕಿದ್ವಿ, ಅಷ್ಟೇ.

ಅಪ್ಪ ಅಮ್ಮನಿಗೆ ಚಾಟ್ ಸೆಟ್ಟಿಂಗ್ಸ್ ಎಲ್ಲಿದೆ ಅಂತ ಗೊತ್ತಿರಲಿಕ್ಕಿಲ್ಲ, ನಮಗೆ ಗೊತ್ತು. ಐದು ನಿಮಿಷದ ಕೆಲಸ, ಮಾಡಿಕೊಡೋಣ. ರೋಬ್ಲಾಕ್ಸ್‌ನಲ್ಲಿರೋ ಬಹುಪಾಲು ಗೇಮುಗಳನ್ನ ಕಂಪನಿ ಮಾಡಿದ್ದಲ್ಲ, ಬಳಕೆದಾರರೇ ಲುವಾ ಮೂಲದ ಭಾಷೆಯಲ್ಲಿ ಬರೆದದ್ದು. ಒಂದು ಬಾಗಿಲು ತೆರೆಯೋ ಕೋಡ್ ಬರೆದು ತೋರಿಸಿದ್ರೂ ಸಾಕು, ಆ ಲೋಕವನ್ನ ಯಾರೋ ಕೂತು ಮಾಡಿದ್ದಾರೆ ಅನ್ನೋದು ಮಗುವಿಗೆ ತಿಳಿಯುತ್ತೆ.

ನಾಳೆ ಆ "ಯಾರೋ" ನಾವೇ ಆಗಬಹುದು. 'ದಿನಾ ಲಾಗಿನ್ ಆದ್ರೆ ಬಹುಮಾನ' ಅನ್ನೋ ಫೀಚರ್ ಬರೆಯೋ ಕೆಲಸ ನಮ್ಮ ಟೇಬಲ್ಲಿಗೇ ಬಂದಾಗ, ಮೂಲೆಯಲ್ಲಿ ಕೂತ ಆ ತಂಗಿ ನೆನಪಾಗಬೇಕು.

ದೀಪಾವಳಿಗೆ ಹೇಗೂ ಊರಿಗೆ ಹೋಗ್ತೀವಲ್ಲ? ಈ ಸಲ "ಎಲ್ಲಿ, ನೀನು ಕಟ್ಟಿದ ಮನೆ ತೋರ್ಸೇ" ಅಂತ ಕೇಳಿ ನೋಡೋಣ.