ಜಾವಾ ಕಟ್ಟಿದ ಕೈಗಳು

ಇಟಲಿಯ ಡುಕಾಟಿ ಹೈಪರ್‌ಮೋಟಾರ್ಡಿನ ಚಿತ್ರ ಕಂಡು ಬೆರಗಾಗುವ ವಿದ್ಯಾರ್ಥಿಮಿತ್ರರಲ್ಲಿ ಎಷ್ಟು ಮಂದಿ, ನಮ್ಮ ಒಂಟಿಕೊಪ್ಪಲಿನ ನೆರೆಯ ಯಾದವಗಿರಿಯಲ್ಲೇ ಮೋಟಾರು ಸೈಕಲ್ಲು ತಯಾರಾಗುತ್ತಿದ್ದುದನ್ನು ಬಲ್ಲರು? ಐಡಿಯಲ್ ಜಾವಾ ಕಾರ್ಖಾನೆಯು 1961ರಲ್ಲಿ ಜೆಕೊಸ್ಲೊವಾಕಿಯದ ವಿನ್ಯಾಸದಂತೆ 250 ಸಿ.ಸಿ.ಯ ಜಾವಾ ತಯಾರಿಸತೊಡಗಿತು. 1973ರಿಂದ ಯೆಜ್ಡಿ ಎಂಬ ಹೆಸರು ಬಂತು. ಒದ್ದು ಚಾಲೂ ಮಾಡುವ ಸನ್ನೆಯೇ ಗೇರು ಬದಲಿಸುವ ಸನ್ನೆಯೂ ಆಗಿದ್ದುದು ಅದರ ವಿಶೇಷ. 1996ರಲ್ಲಿ ಕಾರ್ಖಾನೆ ಮುಚ್ಚಿತು. 2018ರಲ್ಲಿ ಜಾವಾ ಮತ್ತೆ ಬಂದುದು ಮಧ್ಯಪ್ರದೇಶದ ಪೀತಂಪುರದಿಂದ. ಹೆಸರು ಮರಳಿತು, ಮೈಸೂರಿಗೆ ಕೆಲಸ ಮರಳಲಿಲ್ಲ.

ಹಳೆಯ ಗಾಡಿಯನ್ನು ಉಜ್ಜಿ ಮೆರೆಸುವುದು ಸರಿಯೇ. ಅದನ್ನು ಕಟ್ಟಿದವರ ವಿದ್ಯೆಗೂ ಅಷ್ಟೇ ಆದರ ಸಲ್ಲಬೇಡವೆ? ನನ್ನ ಮನೆತನದಲ್ಲಿ ಪದವಿಯ ಮುಖ ಕಾಣುತ್ತಿರುವವನು ನಾನೇ ಮೊದಲಿಗ. ನನ್ನ ಶುಲ್ಕ ಸಂದದ್ದು ಕೈಕಸುಬಿನಿಂದ. ಆ ಕಾರ್ಮಿಕರು ಈಗ ಹಿರಿಯರು. ನಮ್ಮ ಇತಿಹಾಸ ವಿಭಾಗವು ಈ ವರ್ಷವೇ ಅವರ ಮಾತನ್ನು ಬರೆದುಕೊಳ್ಳತಕ್ಕದ್ದು ಎಂಬುದು ನನ್ನ ವಿನಮ್ರ ಅಭಿಪ್ರಾಯ.