ಕಲಿಕಾ ನ್ಯೂನತೆಯೋ, ಭಾಷೆಯ ತೊಡಕೋ?

ಗಡಿನಾಡಿನ ಕನ್ನಡ ಮಾಧ್ಯಮ ಶಾಲೆಯಲ್ಲಿ ಓದುಬರಹದಲ್ಲಿ ಹಿಂದುಳಿದ ಮಗುವಿನ ಬಗ್ಗೆ ಎರಡು ತೀರ್ಪುಗಳು ಸಿದ್ಧವಾಗಿರುತ್ತವೆ: ಮಗು ಸೋಮಾರಿ, ಇಲ್ಲವೇ ಮಲಯಾಳದ ಹೊರೆಯಿಂದ ಹೀಗಾಗಿದೆ. ಇವೆರಡರ ನಡುವೆ ಡಿಸ್ಲೆಕ್ಸಿಯಾದಂತಹ ನಿಜವಾದ ಕಲಿಕಾ ನ್ಯೂನತೆ ಗುರುತಿಗೇ ಬಾರದೆ ಉಳಿಯಬಹುದು.

1995ರ ಅಂಗವಿಕಲರ ಕಾಯಿದೆ ಏಳು ಬಗೆಯ ವೈಕಲ್ಯಗಳನ್ನು ಮಾತ್ರ ಹೆಸರಿಸಿತ್ತು. 2016ರ ಕಾಯಿದೆ ಆ ಪಟ್ಟಿಯನ್ನು 21ಕ್ಕೆ ಏರಿಸಿ, ನಿರ್ದಿಷ್ಟ ಕಲಿಕಾ ನ್ಯೂನತೆಯನ್ನೂ ಸೇರಿಸಿತು. ಅದನ್ನು ಆದಷ್ಟು ಬೇಗ ಪತ್ತೆಹಚ್ಚಬೇಕೆಂದು 16ನೆಯ ಸೆಕ್ಷನ್ ವಿಧಿಸುತ್ತದೆ. ಪರೀಕ್ಷೆಯಲ್ಲಿ ಹೆಚ್ಚುವರಿ ಸಮಯ, ಬರೆಯಲು ಸಹಾಯಕ, ದ್ವಿತೀಯ ಮತ್ತು ತೃತೀಯ ಭಾಷೆಗಳಿಂದ ವಿನಾಯಿತಿ ಮುಂತಾದ ಮಾರ್ಪಾಡುಗಳನ್ನು 17ನೆಯ ಸೆಕ್ಷನ್ ಹೇಳುತ್ತದೆ. ಕನ್ನಡ, ಮಲಯಾಳ, ಇಂಗ್ಲಿಷ್, ಹಿಂದಿಗಳನ್ನು ಒಟ್ಟಿಗೆ ಹೊರುವ ಕಾಸರಗೋಡಿನ ಮಗುವಿಗೆ ಇದು ಸಣ್ಣ ವಿಷಯವಲ್ಲ. ಆದರೆ ಈ ಸೌಲಭ್ಯಗಳ ಬಾಗಿಲು ತೆರೆಯುವುದು ತಪಾಸಣೆಯಿಂದ. ಆ ತಪಾಸಣೆ ಯಾವ ಭಾಷೆಯಲ್ಲಿ ನಡೆಯುತ್ತದೆ ಎಂಬುದೇ ನಮ್ಮ ಪ್ರಶ್ನೆ.

ವಿಶ್ವ ಆರೋಗ್ಯ ಸಂಸ್ಥೆಯ ರೋಗ ವರ್ಗೀಕರಣದ 11ನೆಯ ಆವೃತ್ತಿ 2022ರ ಜನವರಿಯಿಂದ ಜಾರಿಯಲ್ಲಿದೆ. ಅದು ಕಲಿಕಾ ನ್ಯೂನತೆಯನ್ನು ಓದು, ಲಿಖಿತ ಅಭಿವ್ಯಕ್ತಿ, ಗಣಿತ ಎಂದು ವಿಂಗಡಿಸುತ್ತದೆ. ದೃಷ್ಟಿ ಅಥವಾ ಶ್ರವಣ ದೋಷ, ಬೌದ್ಧಿಕ ಬೆಳವಣಿಗೆಯ ಕೊರತೆ, ಶಿಕ್ಷಣದ ಅಭಾವ, ಬೋಧನಾ ಭಾಷೆಯ ಪರಿಚಯವಿಲ್ಲದಿರುವುದು, ಇವುಗಳಿಂದ ಉಂಟಾದ ತೊಡಕನ್ನು ಈ ಹೆಸರಿನಿಂದ ಕರೆಯಲಾಗದೆಂದೂ ಸ್ಪಷ್ಟಪಡಿಸುತ್ತದೆ. ಅಂದರೆ, ಮಗು ಬಲ್ಲ ಭಾಷೆಯಲ್ಲಿ ಪರೀಕ್ಷಿಸದೆ ನೀಡುವ ನಿರ್ಣಯ ಎರಡೂ ಕಡೆ ತಪ್ಪಬಹುದು. ಆರೋಗ್ಯವಂತ ಮಗುವಿಗೆ ನ್ಯೂನತೆಯ ಹಣೆಪಟ್ಟಿ ಅಂಟಬಹುದು. ನೆರವು ಬೇಕಾದ ಮಗುವಿನ ಕಷ್ಟವನ್ನು ಭಾಷೆಯ ಸಮಸ್ಯೆಯೆಂದು ತಳ್ಳಿಹಾಕಲೂಬಹುದು.

ಹೆತ್ತವರು ಗಮನಿಸಬೇಕಾದ ಲಕ್ಷಣಗಳು ಕೆಲವಿವೆ. ಕನ್ನಡದ ಕಾಗುಣಿತ, ಒತ್ತಕ್ಷರಗಳನ್ನು ಕರಗತ ಮಾಡಿಕೊಳ್ಳಲು ಎಲ್ಲ ಮಕ್ಕಳಿಗೂ ಕೆಲವು ವರ್ಷ ಬೇಕು; ಒಂದೆರಡನೆಯ ತರಗತಿಯ ತಪ್ಪುಗಳಿಗೆ ಕಳವಳ ಬೇಡ. ಆದರೆ ನಾಲ್ಕನೆಯ ತರಗತಿಯಲ್ಲೂ ಅಕ್ಷರ ಅಕ್ಷರ ಕೂಡಿಸಿ ಓದಿ ಅರ್ಥ ಕಳೆದುಕೊಳ್ಳುವುದು, ಕೇಳಿದ ಕತೆಯನ್ನು ಚೆನ್ನಾಗಿ ಹೇಳಿದರೂ ಅದನ್ನೇ ಓದಲಾಗದಿರುವುದು, ತಿಂಗಳುಗಟ್ಟಲೆ ವಿಶೇಷವಾಗಿ ಕಲಿಸಿದರೂ ಅದೇ ತಪ್ಪುಗಳು ಮರುಕಳಿಸುವುದು ಕಂಡರೆ ತಪಾಸಣೆ ಅಗತ್ಯ. ಕನ್ನಡವನ್ನು ಸರಾಗವಾಗಿ ಓದುವ ಮಗು ಮಲಯಾಳದಲ್ಲಿ ಮಾತ್ರ ತಡವರಿಸಿದರೆ ಅದು ಬಹುಮಟ್ಟಿಗೆ ಪರಿಚಯದ ಕೊರತೆ. ಎರಡರಲ್ಲೂ ಒಂದೇ ಬಗೆಯ ತೊಡಕಿದ್ದರೆ ಕಾರಣ ಬೇರೆಯಿರಬಹುದು. ಮನೆಮಾತು ತುಳುವೋ ಕೊಂಕಣಿಯೋ ಮರಾಠಿಯೋ ಆಗಿದ್ದರೆ ಕನ್ನಡವೂ ಶಾಲೆಯಲ್ಲೇ ಕಲಿತ ಭಾಷೆ. ಪರೀಕ್ಷಕರಿಗೆ ಇದು ತಿಳಿದಿರಲೇಬೇಕು.

ಮೊದಲು ಕಣ್ಣು, ಕಿವಿಗಳ ಪರೀಕ್ಷೆ ಮಾಡಿಸಿರಿ. ಮಗುವಿನ ಹಳೆಯ ನೋಟ್‌ಪುಸ್ತಕಗಳನ್ನು ಕಾದಿಟ್ಟು ತಜ್ಞರ ಬಳಿಗೆ ಒಯ್ಯಿರಿ. ತಪಾಸಣೆ ಯಾವ ಭಾಷೆಯಲ್ಲಿ ನಡೆಯಿತೆಂಬುದನ್ನು ವರದಿಯಲ್ಲಿ ನಮೂದಿಸುವಂತೆ ಕೇಳಿರಿ.

ಭಾಷಾ ಅಲ್ಪಸಂಖ್ಯಾತ ಮಕ್ಕಳಿಗೆ ಪ್ರಾಥಮಿಕ ಹಂತದಲ್ಲಿ ಮಾತೃಭಾಷಾ ಬೋಧನೆಯ ಸೌಲಭ್ಯ ಒದಗಿಸಲು ರಾಜ್ಯಗಳು ಪ್ರಯತ್ನಿಸಬೇಕೆಂದು ಸಂವಿಧಾನದ 350ಎ ವಿಧಿ ಹೇಳುತ್ತದೆ. ಅದು ಸಂವಿಧಾನಕ್ಕೆ ಸೇರಿದ್ದು 1956ರಲ್ಲಿ, ಕಾಸರಗೋಡು ಕೇರಳದ ಪಾಲಾದ ವರ್ಷದಲ್ಲೇ. ಬೋಧನೆ ಕನ್ನಡದಲ್ಲಿದ್ದು ತಪಾಸಣೆ ಬೇರೆ ಭಾಷೆಯಲ್ಲಾದರೆ ಆ ಆಶಯ ಅರ್ಧದಲ್ಲೇ ನಿಲ್ಲುತ್ತದೆ. ಕನ್ನಡ ಬಲ್ಲ ಶಿಕ್ಷಕರ ಬೇಡಿಕೆಯ ಜತೆಗೆ ಕನ್ನಡ ಬಲ್ಲ ಮನಃಶಾಸ್ತ್ರಜ್ಞರ ಬೇಡಿಕೆಯೂ ನಮ್ಮ ರಕ್ಷಕ ಶಿಕ್ಷಕ ಸಂಘಗಳ ಮನವಿಗಳಲ್ಲಿ ಸೇರಬೇಕು.